ಕಾಣದ ಕಾಗದದ ಹೊಣೆ ಯಾರದು?

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕನ್ನಡ ನಾಡಿನಲ್ಲಿ ಕೇಳದವರು ವಿರಳ. ಕೇಳುವ ಕಿವಿಯಿಲ್ಲದವನ ಎದುರು ಗೋಳು ತೋಡಿಕೊಳ್ಳುವುದು ವ್ಯರ್ಥವೆಂಬುದು ಅದರ ವಾಡಿಕೆಯ ಅರ್ಥ. ಸುಂಕದವನನ್ನು ಕಲ್ಲೆದೆಯವನೆಂದು ಹಳಿಯುವುದಕ್ಕಾಗಿಯೇ ಈ ಮಾತು ಹುಟ್ಟಿತೆಂದು ಬಹುಮಂದಿ ತಿಳಿದಿದ್ದಾರೆ. ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಸುಂಕದ ಕಟ್ಟೆಯಲ್ಲಿ ನಡೆಯುವ ವ್ಯವಹಾರ ಮಾತಿನದಲ್ಲ, ಗುರುತಿನದು. ಹಿಂದಿನ ಕಟ್ಟೆಯಲ್ಲಿ ಸುಂಕ ತೆತ್ತೇ ಬಂದಿದ್ದೇನೆಂದು ಹೇರೆತ್ತಿನವನು ಎಷ್ಟು ಆಣೆಯಿಟ್ಟರೇನು? ತೆತ್ತುದಕ್ಕೆ ಗುರುತು ಕೈಯಲ್ಲಿಲ್ಲದಿದ್ದರೆ ಆಣೆ ಗಾಳಿಯ ಪಾಲು. ಕಟ್ಟೆಯವನು ಕೆಟ್ಟವನಾಗಿರಬೇಕಾಗಿಲ್ಲ, ಅವನು ಬಾಯಿಮಾತನ್ನು ಲೆಕ್ಕಕ್ಕೆ ಬರೆದುಕೊಳ್ಳಲಾರ, ಅಷ್ಟೆ.

ಇಂದು ಹೇರೆತ್ತೂ ಇಲ್ಲ, ಕಟ್ಟೆಯೂ ಇಲ್ಲ. ಆದರೆ ವರ್ಷಕ್ಕೊಮ್ಮೆ ವರಮಾನ ತೆರಿಗೆಯ ಲೆಕ್ಕ ಒಪ್ಪಿಸುವ ಸಂಬಳದಾರನ ಪಾಡು ಹೆಚ್ಚು ಬದಲಾಗಿಲ್ಲ. ‘ತೆರು’ ಎಂಬ ಅಚ್ಚಗನ್ನಡ ಧಾತುವಿನಿಂದ ಬಂದ ‘ತೆರಿಗೆ’ ಎಂಬ ಪದದಲ್ಲಿ ಕೊಡುವ ಕ್ರಿಯೆಯೊಂದೇ ಇದೆ. ಕೊಟ್ಟುದನ್ನು ರುಜುವಾತುಪಡಿಸುವ ಕಷ್ಟ ಆ ಪದದೊಳಗೆ ಅಡಗಿಲ್ಲ. ಆ ಕಷ್ಟ ಆಧುನಿಕ ಕಾಲದ ಕೊಡುಗೆ. 1857ರ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬಿಸಲು 1860ರಲ್ಲಿ ಜೇಮ್ಸ್ ವಿಲ್ಸನ್ ಈ ದೇಶಕ್ಕೆ ವರಮಾನ ತೆರಿಗೆಯನ್ನು ತಂದ. ಆಮೇಲೆ 1886, 1922, 1961ರ ಕಾಯಿದೆಗಳು ಒಂದಾದಮೇಲೊಂದು ಬಂದುವು. ಈಗ 2025ರ ಕಾಯಿದೆ ಬಂದಿದೆ; 2026ರ ಏಪ್ರಿಲ್ 1 ಅದು ಜಾರಿಗೆ ಬರುವ ದಿನವೆಂದು ಗೊತ್ತುಮಾಡಲಾಯಿತು. ಅದಕ್ಕೆ ಹಿಂದಿನ ವರ್ಷಗಳ ವರಮಾನಕ್ಕೆ 1961ರ ಕಾಯಿದೆಯೇ ಆಧಾರವಾದುದರಿಂದ ಇಲ್ಲಿ ನಾನು ಹಳೆಯ ಕಲಮುಗಳ, ಹಳೆಯ ನಮೂನೆಗಳ ಅಂಕಿಗಳನ್ನೇ ಹೇಳುತ್ತೇನೆ. ನನ್ನ ಪ್ರಶ್ನೆ ಅಂಕಿಗೆ ಸಂಬಂಧಿಸಿದ್ದಲ್ಲ. ಲೆಕ್ಕ ಒಪ್ಪಿಸುವ ಹೊತ್ತಿಗೆ ಬೇಕಾದ ಕಾಗದವೊಂದು ಕಾಣದಿದ್ದರೆ ಅದರ ಹೊಣೆ ಯಾರ ಹೆಗಲಿನದು? ಕಾಣದವನು ಏನು ಮಾಡುವುದು ಧರ್ಮ? ಇದು ಪ್ರಶ್ನೆ.

ರಿಟರ್ನಿನೊಡನೆ ಕಾಗದಪತ್ರಗಳನ್ನು ಲಗತ್ತಿಸುವ ಪದ್ಧತಿ ಹೋಗಿ ಎಷ್ಟೋ ವರ್ಷಗಳಾದುವು. ನಮ್ಮ ನಾಡಿನ ರಾಜಧಾನಿಯಲ್ಲಿಯೇ 2009ರಿಂದ ಇರುವ ಕೇಂದ್ರೀಕೃತ ಸಂಸ್ಕರಣ ಕೇಂದ್ರದಲ್ಲಿ ದೇಶದ ರಿಟರ್ನುಗಳನ್ನು ಗಣಕಯಂತ್ರಗಳು ತಾಳೆ ನೋಡುತ್ತವೆ. ಇದರಿಂದ ಅನೇಕರಿಗೆ ಕಾಗದದ ಯುಗವೇ ಮುಗಿಯಿತೆಂಬ ಭಾವನೆ ಬಂದಿದೆ. ಅದು ಪೂರ್ತಿ ಸರಿಯಲ್ಲ. ಕಾಗದ ಬೇಡವೆಂದು ಕಾಯಿದೆ ಹೇಳಿಲ್ಲ. ಈಗ ಕೊಡಬೇಡ, ಕೇಳಿದಾಗ ತೋರಿಸು ಎಂದು ಹೇಳಿದೆ. ಕಚೇರಿಯ ಕಪಾಟಿನಲ್ಲಿ ಇರುತ್ತಿದ್ದುದು ನಮ್ಮ ಮನೆಯ ಪೆಟ್ಟಿಗೆಗೆ ಬಂತು. ನಮ್ಮ ಪೆಟ್ಟಿಗೆಯ ಶಿಸ್ತು ಎಷ್ಟೆಂಬುದನ್ನು ನಾವೇ ಬಲ್ಲೆವು.

ಕಾಣದ ಕಾಗದಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಇನ್ನೊಬ್ಬರು ಕೊಡಬೇಕಾಗಿದ್ದು ಕೊಡದೆ ಹೋದ ಕಾಗದ ಒಂದು. ನಮ್ಮ ಕೈಗೆ ಬಂದು ಕಳೆದುಹೋದ ಕಾಗದ ಎರಡನೆಯದು. ಎಂದೂ ಹುಟ್ಟದೇ ಇದ್ದ ಕಾಗದ ಮೂರನೆಯದು. ಮೂರೂ ‘ಇಲ್ಲ’ ಎಂಬ ಒಂದೇ ಪದದ ಅಡಿಯಲ್ಲಿ ಬಂದರೂ ಇವುಗಳ ನ್ಯಾಯ ಬೇರೆ ಬೇರೆ. ಈ ಭೇದವನ್ನು ಮರೆಯುವುದರಿಂದಲೇ ನಮ್ಮ ಹೆಚ್ಚಿನ ತೊಡಕುಗಳು ಹುಟ್ಟುತ್ತವೆ.

ಮೊದಲನೆಯದನ್ನು ನೋಡೋಣ. ಸಂಬಳದಿಂದ ತೆರಿಗೆ ಮುರಿದುಕೊಂಡ ಧಣಿ, ಅದಕ್ಕೆ ಸಾಕ್ಷಿಯಾಗಿ ಹದಿನಾರನೆಯ ನಮೂನೆಯ ಪ್ರಮಾಣಪತ್ರವನ್ನು ವರ್ಷ ಮುಗಿದ ಮೇಲೆ ಜೂನ್ 15ರೊಳಗೆ ಕೊಡಬೇಕೆಂಬುದು 1961ರ ಕಾಯಿದೆಯಡಿಯಲ್ಲಿ ನಡೆದುಬಂದ ನಿಯಮ. ಸಂಭಾವನೆ, ಬಡ್ಡಿ ಮೊದಲಾದುವುಗಳಿಂದ ಮುರಿದುಕೊಂಡವರು 16-ಎ ನಮೂನೆಯನ್ನು ಕೊಡಬೇಕು. ಕೊಡದಿದ್ದರೆ ದಿನಕ್ಕೆ ಇಷ್ಟೆಂದು ದಂಡವುಂಟು. ಬಹುಕಾಲ 100 ರೂಪಾಯಿಯಾಗಿದ್ದ ಅದನ್ನು 2022ರಲ್ಲಿ 500 ರೂಪಾಯಿಗೆ ಏರಿಸಿದರು. ಕಾಯಿದೆ ಕೊಡುವವನ ಕರ್ತವ್ಯವನ್ನು ಹೀಗೆ ಸ್ಪಷ್ಟವಾಗಿಯೇ ಬರೆದಿದೆ. ಆದರೂ ಜುಲೈ ತಿಂಗಳು ಬಂತೆಂದರೆ ನಮ್ಮ ಅಧ್ಯಾಪಕರ ಕೊಠಡಿಗಳಲ್ಲಿ ಕೇಳುವ ಮೊದಲ ಮಾತು ‘ನಿಮಗೆ ಬಂತೇ?’ ಎಂಬುದೇ.

ಇಲ್ಲಿ ಎದೆಗುಂದುವ ಮೊದಲು ಒಂದು ವಿಷಯವನ್ನು ತಿಳಿಯಬೇಕು: ಕಾಗದ ಮಾತ್ರ ಕಾಣೆಯಾಗಿದೆಯೋ, ಅಥವಾ ಹಣವೇ ಕಾಣೆಯಾಗಿದೆಯೋ? ಮುರಿದುಕೊಂಡ ತೆರಿಗೆಯನ್ನು ಧಣಿ ಬೊಕ್ಕಸಕ್ಕೆ ಕಟ್ಟಬೇಕು. ಯಾರಿಂದ ಎಷ್ಟು ಮುರಿದೆನೆಂಬ ತಃಖ್ತೆಯನ್ನು ಮೂರು ತಿಂಗಳಿಗೊಮ್ಮೆ ಒಪ್ಪಿಸಬೇಕು. ಆ ತಃಖ್ತೆಯಿಂದಲೇ ನಮ್ಮ ಹೆಸರಿನ 26-ಎ.ಎಸ್. ಎಂಬ ಪಟ್ಟಿ ತುಂಬುತ್ತದೆ. 2021ರ ಕೊನೆಯಲ್ಲಿ ಬಂದ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬ್ಯಾಂಕಿನ ಬಡ್ಡಿ, ಷೇರಿನ ಲಾಭಾಂಶ ಮೊದಲಾದುವೂ ಕಾಣುತ್ತವೆ. ಈ ಪಟ್ಟಿಯಲ್ಲಿ ತೆರಿಗೆ ನಮೂದಾಗಿದ್ದರೆ ಹಣ ಸೇರಬೇಕಾದಲ್ಲಿಗೆ ಸೇರಿದೆಯೆಂದು ತಿಳಿಯಬಹುದು. ಪ್ರಮಾಣಪತ್ರವಿಲ್ಲದಿದ್ದರೂ ತಿಂಗಳುತಿಂಗಳ ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕಪುಸ್ತಕ ಇವುಗಳಿಂದ ವರಮಾನವನ್ನು ಕೂಡಿ ರಿಟರ್ನ್ ಸಲ್ಲಿಸಲು ಅಡ್ಡಿಯಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಆಗ ಚಿಂತಿಸಬೇಕು. ಹಣ ಕಟ್ಟಿಲ್ಲವೋ, ಕಟ್ಟಿ ತಃಖ್ತೆ ಒಪ್ಪಿಸಿಲ್ಲವೋ, ಒಪ್ಪಿಸುವಾಗ ನಮ್ಮ ಪ್ಯಾನ್ ಸಂಖ್ಯೆಯ ಅಕ್ಷರವೊಂದು ತಪ್ಪಿತೋ, ಕೇಳಬೇಕು. ಬಾಯಲ್ಲಿ ಕೇಳಿದರೆ ಸಾಲದು. ಬರೆದು ಕೇಳಿ ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಅವರ ಉತ್ತರ ಬರುವವರೆಗೆ ಗಡುವು ಕಾಯುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಸ್ಥಿರವಾದ ನೌಕರಿಯಲ್ಲಿರುವವನು ಇಷ್ಟನ್ನು ಹೇಗಾದರೂ ಮಾಡಿಯಾನು. ಆದರೆ ನಮ್ಮ ಕಾಲೇಜುಗಳಲ್ಲಿ ಪಾಠ ಹೇಳುವ ಅತಿಥಿ ಉಪನ್ಯಾಸಕರ ಗತಿಯೇನು? ಈ ವರ್ಷ ಒಂದು ಊರು, ಬರುವ ವರ್ಷ ಮತ್ತೊಂದು. ವರ್ಷಾಂತ್ಯದ ಪರೀಕ್ಷೆ ಮುಗಿದ ಮೇಲೆ ಅವರಿಗೂ ಕಾಲೇಜಿಗೂ ಋಣಾನುಬಂಧ ಕಡಿಯಿತು. ಪ್ರಮಾಣಪತ್ರ ಸಿದ್ಧವಾಗುವ ಹೊತ್ತಿಗೆ ಕೇಳಲು ಅವರು ಅಲ್ಲಿ ಇರುವುದಿಲ್ಲ. ಬಸ್ಸು ಹಿಡಿದು ಹೋದರೆ ಗುಮಾಸ್ತರು ರಜೆಯ ಮೇಲಿರುತ್ತಾರೆ. ಎರಡನೆಯ ಬಾರಿ ಹೋದರೆ ಪ್ರಯಾಣದ ಖರ್ಚು ಹಿಂದಕ್ಕೆ ಬರಬೇಕಾದ ತೆರಿಗೆಯನ್ನು ಮೀರುತ್ತದೆ. ಒಟ್ಟು ವರಮಾನಕ್ಕೆ ತೆರಿಗೆಯೇ ಬೀಳದ ಎಷ್ಟೋ ಮಂದಿ ಹೀಗೆ ಮುರಿದುಕೊಂಡ ಹಣವನ್ನು ಬಿಟ್ಟುಬಿಟ್ಟಿದ್ದಾರೆ. ಕೇಳದೆ ಬಿಟ್ಟ ಈ ಹಣ ದಾನವೂ ಅಲ್ಲ, ತೆರಿಗೆಯೂ ಅಲ್ಲ. ಇದಕ್ಕೆ ಏನೆಂದು ಹೆಸರಿಡಬೇಕೋ ನಾನರಿಯೆ.

ನನ್ನ ಅನುಭವವನ್ನೇ ಒಂದೆರಡು ಮಾತಿನಲ್ಲಿ ಹೇಳುವುದಾದರೆ, ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗಾಗಿ ಉತ್ತರಪತ್ರಿಕೆಗಳ ಮೌಲ್ಯಮಾಪನ ಮಾಡಿದೆ. ಸಂಭಾವನೆಯಿಂದ ತೆರಿಗೆ ಮುರಿದರು. ಪಟ್ಟಿಯಲ್ಲಿ ಅದು ಮೂಡಲಿಲ್ಲ. ಸಂಭಾವನೆಯ ಪೂರ್ಣ ಮೊತ್ತವನ್ನು ವರಮಾನದಲ್ಲಿ ತೋರಿಸಿ, ಅವರಿಗೆ ಮೂರು ಪತ್ರ ಬರೆದೆ. ನನ್ನ ಪ್ಯಾನ್ ಸಂಖ್ಯೆಯಲ್ಲಿ ಒಂದು ಅಕ್ಷರವನ್ನು ಅವರ ಕಚೇರಿಯಲ್ಲಿ ತಪ್ಪಾಗಿ ಬರೆದುಕೊಂಡಿದ್ದರೆಂದು ಹನ್ನೊಂದನೆಯ ತಿಂಗಳಲ್ಲಿ ಉತ್ತರ ಬಂತು, ಆಮೇಲೆ ತಿದ್ದಿದರು. ಮೊತ್ತ ದೊಡ್ಡದಲ್ಲ. ಆದರೆ ಆ ಹನ್ನೊಂದು ತಿಂಗಳು ತೆರಿಗೆ ಕೊಟ್ಟವನು ಕೊಡದವನಂತೆ ನಿಂತಿದ್ದುದು ನಿಜ. ಪತ್ರ ಬರೆಯುವುದೇ ಕಸುಬಾಗಿರುವ ನನ್ನಂಥವನಿಗೆ ಇಷ್ಟು ಕಾಲ ಹಿಡಿದರೆ ಪತ್ರ ಬರೆಯಲು ಹಿಂಜರಿಯುವವನ ಪಾಡೇನು?

ಕಾಯಿದೆ ಇದನ್ನು ಅರಿಯದ್ದಲ್ಲ. 1961ರ ಕಾಯಿದೆಯ 205ನೆಯ ಕಲಮು ನ್ಯಾಯದ ಮಾತನ್ನೇ ಹೇಳುತ್ತದೆ: ಮೂಲದಲ್ಲಿ ತೆರಿಗೆ ಮುರಿದಿದ್ದರೆ, ಮುರಿದಷ್ಟಕ್ಕೆ ಅದನ್ನು ಮತ್ತೆ ವರಮಾನ ಪಡೆದವನಿಂದ ಕೇಳಕೂಡದು. ಮುರಿದುಕೊಂಡವನು ಬೊಕ್ಕಸಕ್ಕೆ ಕಟ್ಟದಿದ್ದರೆ ಅವನನ್ನೇ ಹಿಡಿಯಬೇಕೆಂಬುದು ಇದರ ಆಶಯ. ಆದರೆ ತಾಳೆ ನೋಡುವ ಯಂತ್ರ ಪಟ್ಟಿಯನ್ನು ನೋಡುತ್ತದೆ, ಕಲಮನ್ನು ನೋಡುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ಹೀಗಾಗಿ ಬೇಡಿಕೆಯ ಪತ್ರ ಮೊದಲು ಬಂದು ನ್ಯಾಯ ಆಮೇಲೆ, ಕೇಳಿಕೊಂಡರೆ, ಬರುವಂತಾಗಿದೆ. ಬರಹದಲ್ಲಿರುವ ನ್ಯಾಯಕ್ಕೂ ವ್ಯವಹಾರದ ನ್ಯಾಯಕ್ಕೂ ನಡುವೆ ಬಿದ್ದ ಈ ಕಂದಕದಲ್ಲಿ ಬೀಳುವವರು ದೊಡ್ಡ ವರಮಾನದವರಲ್ಲ, ಅವರಿಗೆ ಲೆಕ್ಕಪರಿಶೋಧಕರಿದ್ದಾರೆ.

ಎರಡನೆಯ ಬಗೆ, ಕೈಗೆ ಬಂದು ಕಳೆದ ಕಾಗದ. ಇಲ್ಲಿ ಹೊಣೆ ನಮ್ಮದೇ. ನಮ್ಮ ಹಿರಿಯರು ಲೆಕ್ಕವಿಡುವುದರಲ್ಲಿ ನಮಗಿಂತ ಹಿಂದಿದ್ದರೆಂದು ಭಾವಿಸುವುದು ತಪ್ಪು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದ ಕಡತಗಳಲ್ಲಿ ವರ್ತಕರೂ ಶಾನುಭೋಗರೂ ತಲೆಮಾರುಗಳ ಲೆಕ್ಕವನ್ನು ಇಟ್ಟರು. ಇಂದು ಕಚೇರಿಗಳಲ್ಲಿ ‘ಕಡತ’ ಎಂಬ ಪದ ಉಳಿದಿದೆ. ಆ ಬಟ್ಟೆಯನ್ನು ಗೆದ್ದಲಿನಿಂದ ಕಾಪಾಡಿದ ಜತನ ಉಳಿದಿದೆಯೆಂದು ಹೇಳಲಾರೆ. ಕಾಗದವನ್ನು ಎಲ್ಲೋ ಇಟ್ಟು, ಗಡುವಿನ ಹಿಂದಿನ ದಿನ ಮನೆಯನ್ನೆಲ್ಲ ತಲೆಕೆಳಗುಮಾಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಆದರೂ ಕಳೆದುದಕ್ಕೆ ಪರಿಹಾರವುಂಟು. ತೆರಿಗೆಯ ಪ್ರಮಾಣಪತ್ರ ಕಳೆದರೆ ಕೊಟ್ಟವರಿಂದ ನಕಲು ಪ್ರತಿ ಪಡೆಯಲು ನಿಯಮದಲ್ಲಿಯೇ ಅವಕಾಶವಿದೆ. ವಿಮೆಯ ಕಂತಿನ ರಸೀತಿ, ಬ್ಯಾಂಕಿನ ಬಡ್ಡಿಯ ಲೆಕ್ಕ, ಮಕ್ಕಳ ಶಾಲೆಯ ಶುಲ್ಕದ ರಸೀತಿ ಇವೆಲ್ಲ ಕೇಳಿದರೆ ಮತ್ತೆ ಸಿಕ್ಕುವಂಥವು. ಜುಲೈಯಲ್ಲಿ ಕೇಳುವುದಕ್ಕೆ ಬದಲು ಏಪ್ರಿಲಿನಲ್ಲಿ ಕೇಳಿದರೆ ಕೊಡುವವರಿಗೂ ಬಿಡುವಿರುತ್ತದೆ. ರಿಟರ್ನ್ ಸಲ್ಲಿಸಿದ ಮೇಲೂ ಕಾಗದಗಳನ್ನು ಆರೇಳು ವರ್ಷ ಇಟ್ಟುಕೊಳ್ಳುವುದು ಕ್ಷೇಮ.

ಆದರೆ ಕಳೆದುದಕ್ಕಿಂತ ಕರುಣಾಜನಕವಾದ ಪ್ರಸಂಗವೊಂದುಂಟು. ಮನೆಯ ಯಜಮಾನ ತೀರಿಕೊಂಡರೆ ಆತನ ಆ ವರ್ಷದ ವರಮಾನದ ಲೆಕ್ಕವನ್ನು ವಾರಸುದಾರರು ಒಪ್ಪಿಸಬೇಕು. 159ನೆಯ ಕಲಮು ಹಾಗೆ ಹೇಳುತ್ತದೆ. ಯಾವ ಬ್ಯಾಂಕಿನಲ್ಲಿ ಠೇವಣಿಯಿತ್ತು, ಗುಪ್ತಪದವೇನು, ರಸೀತಿಗಳೆಲ್ಲಿ, ಇವೆಲ್ಲ ಆತನ ತಲೆಯಲ್ಲಿದ್ದುವು, ತಲೆಯೊಡನೆ ಹೋದುವು. ದುಃಖದಲ್ಲಿರುವ ಹೆಂಡತಿ ಕಪಾಟಿನ ಮುಂದೆ ಕುಳಿತು ಒಂದೊಂದೇ ಚೀಟಿಯನ್ನು ಬಿಡಿಸಿ ನೋಡುವುದನ್ನು ನೆರೆಹೊರೆಯಲ್ಲಿ ನಾವು ಕಂಡಿಲ್ಲವೆ? ಇಲ್ಲಿ ಕಾಗದ ಕಳೆದಿಲ್ಲ. ಕಾಗದದ ವಿಳಾಸ ಇನ್ನೊಬ್ಬರಿಗೆ ತಿಳಿಯದಂತೆ ಬದುಕಿದ ನಮ್ಮ ಸಂಸಾರಗಳ ರೀತಿಯೇ ಅದನ್ನು ಕಾಣದಂತೆ ಮಾಡಿದೆ. ಲೆಕ್ಕ ಗಂಡಸಿನ ಕೆಲಸವೆಂಬ ಹಳೆಯ ಹೆಮ್ಮೆಗೆ ಬೆಲೆ ತೆರುವವಳು ಹೆಂಗಸು.

ಇನ್ನು ಮೂರನೆಯ ಬಗೆ: ಎಂದೂ ಹುಟ್ಟದ ಕಾಗದ. ಬಾಡಿಗೆಯನ್ನು ಕೈಯಲ್ಲಿ ಎಣಿಸಿಕೊಂಡು ರಸೀತಿ ಕೊಡಲೊಪ್ಪದ ಮನೆಯೊಡೆಯರು ಎಲ್ಲ ಊರಿನಲ್ಲಿಯೂ ಇದ್ದಾರೆ. ಇಲ್ಲಿ ಬಾಡಿಗೆ ನಿಜ, ಚೀಟಿ ಇಲ್ಲ. ಮತ್ತೊಂದು ಕಡೆ ಬಾಡಿಗೆಯೇ ಇಲ್ಲದೆ ಚೀಟಿ ಮಾತ್ರ ಇರುವುದೂ ಉಂಟು. ಈ ಎರಡನೆಯದಕ್ಕೆ ನಮ್ಮ ಶಾಸನಶಾಸ್ತ್ರದಲ್ಲಿ ಒಳ್ಳೆಯ ಹೆಸರಿದೆ: ಕೂಟಶಾಸನ. ರಾಜರು ಭೂಮಿಯನ್ನು ತೆರಿಗೆ ವಿನಾಯಿತಿಯೊಡನೆ ದಾನಕೊಟ್ಟಾಗ ಅದಕ್ಕೆ ಸಾಕ್ಷಿಯಾದ ತಾಮ್ರಪಟ ದಾನ ಪಡೆದವರ ಮನೆಯಲ್ಲಿರುತ್ತಿತ್ತು. ಅದೇ ಆ ಕಾಲದ ವಿನಾಯಿತಿಯ ದಾಖಲೆ. ಅದು ಕಳೆದಾಗ ಕೆಲವರು, ಎಂದೂ ಪಡೆಯದೆಯೇ ಇನ್ನು ಕೆಲವರು, ಹಳೆಯ ಅರಸನ ಹೆಸರು ಹಾಕಿ ಹೊಸ ಪಟಗಳನ್ನು ಕೊರೆಸಿದರು. ಜೆ. ಎಫ್. ಫ್ಲೀಟರು ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಖೋಟಾ ಎಂದು ತಳ್ಳಿಹಾಕಿದರು. ಅವುಗಳಲ್ಲಿ ಕೆಲವು ನಿಜವಾದ ದಾನದ ಕಳೆದ ಮೂಲಕ್ಕೆ ಆಮೇಲೆ ಮಾಡಿಸಿದ ಪ್ರತಿಗಳಿರಬಹುದೆಂದು ವಾದಿಸುವವರುಂಟು. ಆದರೇನು? ಲಿಪಿ ಒಂದು ಕಾಲದ್ದು, ತೇದಿ ಮತ್ತೊಂದು ಕಾಲದ್ದು ಎಂದು ಕಂಡೊಡನೆ ನಿಜವಾದ ದಾನವೂ ಸುಳ್ಳಿನ ಸಾಲಿಗೆ ಸೇರುತ್ತದೆ. ಸತ್ಯಕ್ಕೆ ಸುಳ್ಳು ಸಾಕ್ಷಿ ಹೂಡುವವನು ಸತ್ಯವನ್ನೇ ಕೆಡಿಸುತ್ತಾನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಂದಿನ ಕೂಟಶಾಸನಗಳು ತಾಮ್ರದವಲ್ಲ. ಬಾಡಿಗೆ ಚೀಟಿ, ದೇಣಿಗೆ ರಸೀತಿಗಳ ರೂಪದವು. ವರ್ಷಕ್ಕೆ ಒಂದು ಲಕ್ಷ ರೂಪಾಯಿ ಮೀರಿದ ಬಾಡಿಗೆಗೆ ಮನೆಯೊಡೆಯನ ಪ್ಯಾನ್ ಸಂಖ್ಯೆ ಕೇಳುವ ನಿಯಮ ಬಂದುದು, 2025ರ ಜುಲೈಯಲ್ಲಿ ಸುಳ್ಳು ವಿನಾಯಿತಿಗಳ ಪತ್ತೆಗಾಗಿ ದೇಶದ ಅನೇಕ ಕಡೆ ಪರಿಶೀಲನೆ ನಡೆದುದು, ಎಲ್ಲವೂ ಈ ಕಾರಣಕ್ಕೇ. ವರಮಾನವನ್ನು ಬೇಕೆಂದು ತಪ್ಪಾಗಿ ತೋರಿಸಿದರೆ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡವಿದೆ. ದಂಡದ ಭಯಕ್ಕಿಂತ ದೊಡ್ಡದೊಂದು ಹಾನಿಯನ್ನು ನಾನು ಕಾಣುತ್ತೇನೆ. ಒಬ್ಬ ಸುಳ್ಳು ಚೀಟಿ ಕೊಟ್ಟರೆ, ಕೈಯಲ್ಲಿ ಬಾಡಿಗೆ ಕೊಟ್ಟು ಚೀಟಿ ಸಿಕ್ಕದ ಇನ್ನೊಬ್ಬನ ನಿಜವಾದ ಮಾತಿಗೆ ಬೆಲೆಯಿಲ್ಲದಂತಾಗುತ್ತದೆ.

ಹುಟ್ಟದ ಕಾಗದದ ನ್ಯಾಯವನ್ನು ವಿಚಾರಮಾಡಿದ ಪ್ರಸಿದ್ಧ ತೀರ್ಪೊಂದು ಅಮೆರಿಕದಲ್ಲಿದೆ. ಜಾರ್ಜ್ ಎಂ. ಕೋಹಾನ್ ಎಂಬ ನಾಟಕಕಾರ, ನಟ ಬ್ರಾಡ್‌ವೇ ರಂಗಭೂಮಿಯಲ್ಲಿ ಹೆಸರಾದವನು. ಪ್ರಯಾಣಕ್ಕೂ ಸತ್ಕಾರಕ್ಕೂ ಧಾರಾಳವಾಗಿ ಖರ್ಚುಮಾಡಿ ಲೆಕ್ಕವಿಡದೆ ಹೋದವನು. ಲೆಕ್ಕವಿಲ್ಲವೆಂದು ತೆರಿಗೆಯವರು ಈ ಖರ್ಚಿನಲ್ಲಿ ಏನನ್ನೂ ಒಪ್ಪಲಿಲ್ಲ. 1930ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಅದನ್ನು ಒಪ್ಪದೆ, ಖರ್ಚಾದುದು ಖಂಡಿತವಾಗಿರುವಾಗ ಸೊನ್ನೆಯೆಂದು ಬರೆಯುವುದು ಸರಿಯಲ್ಲ, ಸಾಧ್ಯವಾದಷ್ಟು ಹತ್ತಿರದ ಅಂದಾಜು ಮಾಡಬೇಕೆಂದು ತೀರ್ಪಿತ್ತ. ಜೊತೆಗೆ, ಲೆಕ್ಕವಿಡದವನೇ ಆ ಅನಿಶ್ಚಯಕ್ಕೆ ಕಾರಣನಾದುದರಿಂದ ಅಂದಾಜಿನ ಬಿಗಿ ಅವನ ಮೇಲೆಯೇ ಬೀಳಲಿ ಎಂದೂ ಸೇರಿಸಿದ. ಪ್ರಯಾಣ ಸತ್ಕಾರಗಳ ಖರ್ಚಿಗೆ ಈ ಸಡಿಲವನ್ನು ಆ ದೇಶದ ಶಾಸನಸಭೆ 1962ರಲ್ಲಿ ತೆಗೆದುಹಾಕಿತು. ಬೇರೆ ವಿಷಯಗಳಲ್ಲಿ ಅದು ಉಳಿಯಿತು. ನಮ್ಮ ದೇಶದಲ್ಲಿ ಅದು ಕಾಯಿದೆಯಲ್ಲ. ಆದರೆ ಅದರ ಹಿಂದಿನ ವಿವೇಕ ಯಾವ ದೇಶಕ್ಕೂ ಸಲ್ಲುವಂಥದು. ಕಾಗದ ಇಲ್ಲದಿರುವುದೂ ಸಂಗತಿ ಇಲ್ಲದಿರುವುದೂ ಒಂದೇ ಅಲ್ಲ. ಆದರೆ ಕಾಗದವಿಡುವುದು ನನ್ನ ಕರ್ತವ್ಯವಾಗಿದ್ದಲ್ಲಿ ಸಂಶಯದ ಲಾಭವನ್ನು ನಾನು ಪೂರ್ತಿಯಾಗಿ ಬೇಡಬಾರದು.

ಕೆಲವರು ಹೇಳಿಯಾರು: ಇನ್ನು ಇದೆಲ್ಲ ಹಳೆಯ ಕಥೆ, ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆಯ ವಿನಾಯಿತಿಯೂ ಇಲ್ಲ, ವಿಮೆಯ ವಿನಾಯಿತಿಯೂ ಇಲ್ಲ, ಉಳಿದುದನ್ನು ಗಣಕಯಂತ್ರವೇ ಬಲ್ಲದು. ಈ ಮಾತಿನಲ್ಲಿ ಸತ್ಯಾಂಶವಿದೆ. 2023-24ರ ವರಮಾನದಿಂದೀಚೆಗೆ, ಬೇಡವೆನ್ನದವರೆಲ್ಲರಿಗೂ ಹೊಸ ಪದ್ಧತಿಯೇ ಅನ್ವಯವಾಗುತ್ತ ಬಂದಿದೆ. ಆದರೆ ಯಂತ್ರ ಬಲ್ಲುದೆಂದರೆ ಏನರ್ಥ? ಯಾರೋ ಒಬ್ಬರು ಅದಕ್ಕೆ ಹೇಳಿದುದನ್ನು ಅದು ಬಲ್ಲುದು. ಅದೂ ಒಂದು ಪ್ರತಿಯೇ; ಪ್ರತಿಯಾದಮೇಲೆ ಲಿಪಿಕಾರರ ಸ್ಖಾಲಿತ್ಯ ತಪ್ಪದು. ವಾರ್ಷಿಕ ಪಟ್ಟಿಯಲ್ಲಿ ಬಂದುದು ತಪ್ಪಾಗಿದ್ದರೆ ತಪ್ಪೆಂದು ಅಲ್ಲಿಯೇ ತಿಳಿಸಲು ಅವಕಾಶವಿಟ್ಟಿರುವುದೇ ಇದಕ್ಕೆ ಸಾಕ್ಷಿ. ತಪ್ಪೆಂದು ಹೇಳಬೇಕಾದರೆ ನಮ್ಮ ಬಳಿ ಇನ್ನೊಂದು ಪ್ರತಿ ಬೇಡವೆ?

ಪ್ರತಿಯ ಮಾತು ಬಂದುದರಿಂದ ನನ್ನ ಶಾಸ್ತ್ರದ ಒಂದು ನಿಯಮವನ್ನು ಹೇಳುತ್ತೇನೆ. ಹಳೆಯ ಕಾವ್ಯದ ಓಲೆಗಟ್ಟಿನಲ್ಲಿ ಒಂದು ಗರಿ ಕಳೆದಿದ್ದರೆ ಗ್ರಂಥಸಂಪಾದಕ ಏನು ಮಾಡುತ್ತಾನೆ? ಬೇರೆ ಪ್ರತಿಗಳನ್ನು ಹುಡುಕುತ್ತಾನೆ. ಸಿಕ್ಕಿದರೆ ಅದರಿಂದ ತುಂಬಿ, ಎಲ್ಲಿಂದ ತುಂಬಿದೆನೆಂದು ಅಡಿಯಲ್ಲಿ ತಿಳಿಸುತ್ತಾನೆ. ಒಂದೆರಡಕ್ಷರ ಮಾತ್ರ ಅಳಿಸಿದ್ದರೆ ಛಂದಸ್ಸಿನ, ಸಂದರ್ಭದ ಆಧಾರದಿಂದ ಊಹಿಸಿ, ಊಹೆಯೆಂದು ಕಾಣುವಂತೆ ಕಂಸದಲ್ಲಿಡುತ್ತಾನೆ. ಏನೂ ಸಿಕ್ಕದಿದ್ದರೆ ಚುಕ್ಕಿಯಿಟ್ಟು ‘ಗ್ರಂಥಪಾತ’ ಎಂದು ಬರೆದು ಮುಂದೆ ಹೋಗುತ್ತಾನೆ. ಎಷ್ಟೇ ಕವಿತ್ವವಿದ್ದರೂ ತಾನೇ ಒಂದು ಪದ್ಯ ಕಟ್ಟಿ ಕವಿಯ ಹೆಸರಿನಲ್ಲಿ ಸೇರಿಸುವುದಿಲ್ಲ. ತೆರಿಗೆಯ ಲೆಕ್ಕಕ್ಕೂ ಈ ಕ್ರಮವೇ ಸಾಕು. ವರಮಾನವನ್ನು ಪೂರ್ತಿಯಾಗಿ ತೋರಿಸುವುದು, ಕಾಗದ ಬರಲಿ ಬಿಡಲಿ, ತೆತ್ತ ತೆರಿಗೆಯನ್ನು ಇತರ ಆಧಾರಗಳಿಂದ ಸ್ಥಾಪಿಸಿ ಕೇಳುವುದು, ಆಧಾರವಿಲ್ಲದ ವಿನಾಯಿತಿಯನ್ನು ಬಿಡುವುದು, ಗಡುವನ್ನು ಮೀರದಿರುವುದು, ಆಮೇಲೆ ಕಾಗದ ಸಿಕ್ಕಿದರೆ, ಅವಧಿಯೊಳಗಾದರೆ, ತಿದ್ದಿದ ರಿಟರ್ನ್ ಸಲ್ಲಿಸುವುದು.

ಪ್ರಜೆ ಇಷ್ಟು ಮಾಡಿದರೆ ಉಳಿದವರು ಮಾಡಬೇಕಾದುದನ್ನು ಕೇಳುವ ಅಧಿಕಾರ ಅವನಿಗೆ ಬರುತ್ತದೆ. ನಮ್ಮ ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ತಾತ್ಕಾಲಿಕವಾಗಿ ದುಡಿಸಿಕೊಂಡವರ ವಿಳಾಸವನ್ನು ಕೊನೆಯ ಗೌರವಧನ ಕೊಡುವಾಗ ಬರೆದಿಟ್ಟುಕೊಂಡು, ಕೇಳುವವರೆಗೂ ಕಾಯದೆ, ಪ್ರಮಾಣಪತ್ರವನ್ನು ತಾವಾಗಿ ಕಳುಹಿಸಲಿ. ಪ್ಯಾನ್ ಸಂಖ್ಯೆಯನ್ನು ತಃಖ್ತೆಗೆ ಏರಿಸುವ ಮುನ್ನ ಅವರಿಗೆ ಒಮ್ಮೆ ಓದಿ ಹೇಳಲಿ. ತೆರಿಗೆಯ ಇಲಾಖೆ, ಸಂಬಳದ ಚೀಟಿಯಲ್ಲಿ ಕಡಿತ ಕಂಡು ಪಟ್ಟಿಯಲ್ಲಿ ಕಾಣದಿದ್ದಾಗ, ಮುರಿದುಕೊಂಡವನಿಗೆ ಮೊದಲ ಪತ್ರ ಬರೆಯಲಿ, ಮುರಿಸಿಕೊಂಡವನಿಗೆ ಆಮೇಲೆ. ಯಂತ್ರಕ್ಕೆ ಇದನ್ನು ಕಲಿಸುವುದು ಅಸಾಧ್ಯವಾದ ವಿದ್ಯೆಯಲ್ಲ. ಕಾಯಿದೆಯಲ್ಲಿ ಆಗಲೇ ಬರೆದಿರುವುದನ್ನು ಅದಕ್ಕೆ ಓದಿಸಬೇಕು, ಅಷ್ಟೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬುವನೊಬ್ಬನಿದ್ದ. ಸುಂಕ ವಸೂಲು ಮಾಡುವ ಕಾಯಕವನ್ನೇ ಹೆಸರಿಗೆ ಸೇರಿಸಿಕೊಂಡ ಆತನನ್ನು ವಚನಕಾರರ ಸಾಲಿನಲ್ಲಿ ಕೂರಿಸಿದ ನಾಡು ಇದು. ಸುಂಕದವನಿಗೆ ಕಿವಿಯೇ ಇರುವುದಿಲ್ಲವೆಂಬುದು ನಮ್ಮ ಪರಂಪರೆಯ ಕೊನೆಯ ಮಾತಾಗಬೇಕಾಗಿಲ್ಲ. ಬರುವ ಜೂನ್ ತಿಂಗಳ ನಡುವಿಗೆ, ಯಾವುದೋ ಊರಿನ ಯಾವುದೋ ಕಾಲೇಜಿನಲ್ಲಿ ಒಂದು ವರ್ಷ ಪಾಠ ಹೇಳಿ ಹೋದ ಅತಿಥಿ ಉಪನ್ಯಾಸಕನ ಮನೆಗೆ ಆತ ಕೇಳದೆಯೇ ಒಂದು ಲಕೋಟೆ ಬಂದರೆ, ಈ ಲೇಖನದ ಅರ್ಧ ಭಾಗ ಅನಾವಶ್ಯಕವಾಗುತ್ತದೆ. ಹಾಗಾಗುವುದಾದರೆ ನನಗಿಂತ ಸಂತೋಷಪಡುವವರು ಮತ್ತಾರೂ ಇಲ್ಲ.